ನಾಲ್ಕು ಸಾಲಿನ ಕೌತುಕ

ದಿನಪತ್ರಿಕೆ ಕೈಗೆ ಬಂದೊಡನೆ ರಾಜಕೀಯದ ಪುಟಗಳನ್ನು ದಾಟಿ, ಒಳಪುಟದ ಮೂಲೆಯಲ್ಲಿರುವ ವಿಜ್ಞಾನದ ಕೌತುಕವನ್ನು ಹುಡುಕುವವರು ನಮ್ಮಲ್ಲಿ ಬಹಳ ಮಂದಿ. ಅವರು ವಿಜ್ಞಾನಿಗಳಲ್ಲ. ಅಂಗಡಿ ಇಟ್ಟವರು, ಮೇಷ್ಟ್ರುಗಳು, ಅಡುಗೆ ಮುಗಿಸಿ ಅರ್ಧ ಗಂಟೆ ಬಿಡುವು ಮಾಡಿಕೊಂಡ ಗೃಹಿಣಿಯರು. ಈಗ ಆ ಮೂಲೆ ಮೊಬೈಲಿಗೂ ಬಂದಿದೆ. ಅದನ್ನು ಓದುವಾಗ ಸಿಗುವ ಖುಷಿಗೆ ಪದವಿ ಬೇಕಿಲ್ಲ, ಅದನ್ನು ಹಗುರವಾಗಿ ಕಾಣಬೇಕಾದ್ದೂ ಇಲ್ಲ. ನಮ್ಮ ತಕರಾರಿರುವುದು ಈ ಓದುಗರ ಮೇಲಲ್ಲ, ಅವರಿಗೆ ಕೌತುಕವನ್ನು ಬಡಿಸುತ್ತಿರುವ ರೀತಿಯ ಮೇಲೆ.

ಇಂಥ ಸುದ್ದಿಗಳ ದೊಡ್ಡ ಕಣಜವೆಂದರೆ ಅಮೆರಿಕದಲ್ಲಿ 1991ರಲ್ಲಿ ಶುರುವಾದ ಇಗ್‌ನೊಬೆಲ್ ಪ್ರಶಸ್ತಿ. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳನ್ನು ಅದು ಗೌರವಿಸುತ್ತದೆ. 2000ದಲ್ಲಿ ಈ ಪ್ರಶಸ್ತಿ ಪಡೆದವರಲ್ಲಿ ಆಂದ್ರೆ ಗೈಮ್ ಒಬ್ಬರು. ಅವರು 1997ರಲ್ಲಿ ನೆದರ್ಲೆಂಡ್ಸಿನ ಪ್ರಯೋಗಾಲಯವೊಂದರಲ್ಲಿ ಜೀವಂತ ಕಪ್ಪೆಯನ್ನು ಅಯಸ್ಕಾಂತದ ಬಲದಿಂದ ಗಾಳಿಯಲ್ಲಿ ತೇಲಿಸಿದ್ದರು. ನಾಲ್ಕು ಸಾಲಿನ ಸುದ್ದಿ ಇಲ್ಲಿಗೆ ಮುಗಿಯುತ್ತದೆ. ಆದರೆ ಸ್ವಾರಸ್ಯ ಶುರುವಾಗುವುದೇ ಇಲ್ಲಿಂದ. ಅಯಸ್ಕಾಂತ ಕಬ್ಬಿಣವನ್ನು ಸೆಳೆಯುತ್ತದೆಂದು ಮಕ್ಕಳಿಗೂ ಗೊತ್ತು. ಅದೇ ಅಯಸ್ಕಾಂತ ನೀರನ್ನು ತುಸುವೇ ತುಸು ದೂರ ತಳ್ಳುತ್ತದೆ. ಆ ತಳ್ಳುವಿಕೆ ಎಷ್ಟು ಕ್ಷೀಣವೆಂದರೆ ನಿತ್ಯದ ಬದುಕಿನಲ್ಲಿ ನಮ್ಮ ಅರಿವಿಗೇ ಬರುವುದಿಲ್ಲ. ಕಪ್ಪೆಯ ಮೈಯಲ್ಲಿ ಹೆಚ್ಚಿನ ಪಾಲು ನೀರೇ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತಕ್ಕಿಂತ ಸಾವಿರಾರು ಪಟ್ಟು ಬಲದ, ಸುಮಾರು 16 ಟೆಸ್ಲಾ ಕ್ಷೇತ್ರದಲ್ಲಿ ಇಟ್ಟಾಗ ಆ ತಳ್ಳುವಿಕೆ ಕಪ್ಪೆಯ ಭಾರಕ್ಕೆ ಸರಿಸಮವಾಯಿತು. ಕಪ್ಪೆಗೆ ಏನೂ ಆಗಲಿಲ್ಲ. ಇದೇ ಗೈಮ್ ಮುಂದೆ ಪೆನ್ಸಿಲ್ ಕಡ್ಡಿಯಲ್ಲಿರುವಂಥ ಗ್ರಾಫೈಟನ್ನು ಅಂಟುಪಟ್ಟಿಯಿಂದ ಪದರ ಪದರವಾಗಿ ಕಿತ್ತು, ಒಂದೇ ಪರಮಾಣುವಿನಷ್ಟು ತೆಳುವಾದ ಗ್ರಾಫೀನ್ ಹಾಳೆಯನ್ನು ಪಡೆದರು. ಆ ಕೆಲಸಕ್ಕಾಗಿ 2010ರಲ್ಲಿ ಕಾನ್‌ಸ್ಟಾಂಟಿನ್ ನೊವೊಸೆಲೊವ್ ಜೊತೆ ನಿಜವಾದ ನೊಬೆಲ್ಲನ್ನೂ ಪಡೆದರು.

ನಮ್ಮ ಬೆಂಗಳೂರಿಗೂ ಇಗ್‌ನೊಬೆಲ್ ಬಂದಿದೆ. 2001ರಲ್ಲಿ ನಿಮ್ಹಾನ್ಸ್‌ನ ಡಾ. ಚಿತ್ತರಂಜನ್ ಅಂದ್ರಾದೆ ಮತ್ತು ಡಾ. ಬಿ.ಎಸ್. ಶ್ರೀಹರಿ ಅದನ್ನು ಪಡೆದರು. ಹದಿಹರೆಯದವರು ಮೂಗಿನಲ್ಲಿ ಬೆರಳಾಡಿಸುವ ಅಭ್ಯಾಸ ಅವರ ಅಧ್ಯಯನದ ವಿಷಯ. ನಗು ಬಾರದಿರುತ್ತದೆಯೇ? ಆದರೆ ಅವರು ನಗರದ ನಾಲ್ಕು ಶಾಲೆಗಳ 200 ಮಕ್ಕಳನ್ನು ಪ್ರಶ್ನಿಸಿದ್ದರು. ಹೆಚ್ಚುಕಡಿಮೆ ಎಲ್ಲರೂ ಈ ಅಭ್ಯಾಸವನ್ನು ಒಪ್ಪಿಕೊಂಡರು. ಸುಮಾರು ಶೇ. 17ರಷ್ಟು ಮಕ್ಕಳು ತಮಗಿದು ಗಂಭೀರ ಸಮಸ್ಯೆಯೇ ಆಗಿದೆ ಎಂದುಕೊಂಡಿದ್ದರು. ಸಾಮಾನ್ಯ ಅಭ್ಯಾಸ ಎಲ್ಲಿಗೆ ಮುಗಿಯುತ್ತದೆ, ಬಿಡಲಾಗದ ಗೀಳು ಎಲ್ಲಿಂದ ಆರಂಭವಾಗುತ್ತದೆ ಎಂಬುದು ಮನೋವೈದ್ಯರ ಮುಂದಿರುವ ನಿಜವಾದ ಪ್ರಶ್ನೆ. ನಗುವನ್ನಷ್ಟೇ ಅಚ್ಚು ಹಾಕಿದರೆ ಆ ಶೇ. 17ರ ಮಕ್ಕಳು ಕಾಣದಂತಾಗುತ್ತಾರೆ.

ಕೌತುಕದ ಸುದ್ದಿಗೆ ಇನ್ನೊಂದು ದೋಷವಿದೆ. ಅದು ಒಮ್ಮೆ ಹೇಳಿ ಕೈತೊಳೆದುಕೊಳ್ಳುತ್ತದೆ. ಮರಕುಟಿಗನಿಗೆ ಏಕೆ ತಲೆನೋವು ಬರುವುದಿಲ್ಲ ಎಂಬ ಶೋಧಕ್ಕೆ 2006ರಲ್ಲಿ ಇಗ್‌ನೊಬೆಲ್ ಸಿಕ್ಕಿತು. ಅದರ ತಲೆಬುರುಡೆ ಬಡಿತದ ಆಘಾತವನ್ನು ಹೀರಿಕೊಳ್ಳುತ್ತದೆ ಎಂಬ ವಿವರಣೆ ಬಹುಕಾಲ ಪ್ರಚಾರದಲ್ಲಿತ್ತು. ಹೆಲ್ಮೆಟ್ ತಯಾರಿಕೆಗೂ ಅದರಿಂದ ಪಾಠ ಹುಡುಕಿದವರುಂಟು. 2022ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ನೋಡಿದರು. ತಲೆ ಗಟ್ಟಿ ಸುತ್ತಿಗೆಯಂತೆಯೇ ಕೆಲಸ ಮಾಡುತ್ತಿತ್ತು, ಆಘಾತ ಹೀರುವ ಲಕ್ಷಣ ಕಾಣಲಿಲ್ಲ. ಹೀರಿಕೊಂಡರೆ ಹಕ್ಕಿಗೇ ನಷ್ಟ, ಕೊಕ್ಕಿನ ಪೆಟ್ಟು ದುರ್ಬಲವಾಗುತ್ತದೆ. ಮಿದುಳು ತೀರಾ ಚಿಕ್ಕದಾಗಿರುವುದರಿಂದ ಅದು ಆ ಪೆಟ್ಟನ್ನು ತಾಳಿಕೊಳ್ಳುತ್ತದೆ. ಮೊದಲ ಸುದ್ದಿಯನ್ನು ಓದಿ ಮೆಚ್ಚಿದವರಲ್ಲಿ ಎಷ್ಟು ಮಂದಿಗೆ ಈ ತಿದ್ದುಪಡಿ ತಲುಪಿತು? ತನ್ನ ನಿನ್ನೆಯ ಮಾತನ್ನು ತಾನೇ ತಿದ್ದಿಕೊಳ್ಳುವುದು ವಿಜ್ಞಾನದ ಸೊಗಸು. ಅದನ್ನೇ ಓದುಗರಿಂದ ಮರೆಮಾಡಿದರೆ ಉಳಿಯುವುದು ಬರೀ ಚಮತ್ಕಾರ.

ಚಮತ್ಕಾರಕ್ಕೆ ಒಗ್ಗಿದ ಮನಸ್ಸಿಗೆ ಆಗುವ ಅಪಾಯವನ್ನು ನಾವು 2016ರ ನವೆಂಬರಿನಲ್ಲಿ ಕಣ್ಣಾರೆ ಕಂಡೆವು. ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂಬ ಸುದ್ದಿ ಮನೆಮನೆಗೆ ತಲುಪಿತು. ಟಿ.ವಿ. ವಾಹಿನಿಗಳೂ ಅದನ್ನು ಬಣ್ಣಿಸಿದವು. ಅಂಥದ್ದೇನೂ ಇಲ್ಲವೆಂದು ರಿಸರ್ವ್ ಬ್ಯಾಂಕೇ ಸ್ಪಷ್ಟಪಡಿಸಬೇಕಾಯಿತು. ಜಿಪಿಎಸ್ ಉಪಗ್ರಹಗಳು ಸಂಕೇತ ಕಳಿಸುತ್ತವೆ, ಅಷ್ಟೇ. ಯಾರು ಎಲ್ಲಿದ್ದಾರೆಂದು ಅವು ಹುಡುಕುವುದಿಲ್ಲ. ತನ್ನ ಸ್ಥಾನವನ್ನು ಲೆಕ್ಕ ಹಾಕುವುದು ನಮ್ಮ ಕೈಯಲ್ಲಿರುವ ಫೋನು, ಅದಕ್ಕೆ ವಿದ್ಯುತ್ ಬೇಕು. ಕಟ್ಟಡದ ನೆಲಮಾಳಿಗೆಗೆ ಇಳಿದರೇ ಸಂಕೇತ ತಪ್ಪಿಹೋಗುತ್ತದೆ. ಇಷ್ಟು ತಿಳಿದಿದ್ದರೆ ಸಾಕಿತ್ತು, ಆ ಸುದ್ದಿ ಬಾಗಿಲಲ್ಲೇ ನಿಲ್ಲುತ್ತಿತ್ತು. ತೇಲುವ ಕಪ್ಪೆಯಂಥ ನಿಜವೂ ಚಿಪ್ಪಿನ ನೋಟಿನಂಥ ಸುಳ್ಳೂ ಅದೇ ನಾಲ್ಕು ಸಾಲಿನಲ್ಲಿ, ಅದೇ ಉದ್ಗಾರದೊಂದಿಗೆ ಬಂದರೆ ಓದುಗ ಬೇರ್ಪಡಿಸುವುದಾದರೂ ಹೇಗೆ?

ಸಾಮಾನ್ಯನಿಗೆ ಇಷ್ಟೆಲ್ಲ ವಿವರ ಬೇಡ ಎನ್ನುವ ಸಂಪಾದಕರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ನೆನಪಿಸಬೇಕು. ಅಲ್ಲಿ ಹಾರುವ ಓತಿಯ ಹುಡುಕಾಟಕ್ಕೆ ವಿಜ್ಞಾನಿ ಕರ್ವಾಲೊ ನೆಚ್ಚಿಕೊಳ್ಳುವುದು ಊರವರು ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನನ್ನು. ಆತ ಸುಮ್ಮನೆ ಬೆರಗಾಗಿ ಕೂರುವವನಲ್ಲ, ಕಂಡದ್ದನ್ನು ಗಮನಿಸುವವನು. ನಮ್ಮ ಓದುಗರಲ್ಲೂ ಮಂದಣ್ಣಂದಿರು ಬೇಕಾದಷ್ಟಿದ್ದಾರೆ.

ಹಾಗಾಗಿ ನಾವು ಕೇಳುವುದು ಹೆಚ್ಚೇನಲ್ಲ. ಕೌತುಕದ ನಾಲ್ಕು ಸಾಲಿನ ಜೊತೆಗೆ ಇನ್ನೂ ನಾಲ್ಕು ಸಾಲು ಸೇರಲಿ. ಯಾರು ಕಂಡುಕೊಂಡರು, ಎಷ್ಟು ಸಲ ನೋಡಿದರು, ಹೇಗೆ ಅಳೆದರು, ಬೇರೆಯವರು ಪರೀಕ್ಷಿಸಿದಾಗ ಏನಾಯಿತು ಎಂಬುದನ್ನು ಅವು ಹೇಳಲಿ. ಓದುಗರೂ ಮುಂದಿನ ಸಲ ಒಂದು ವಿಸ್ಮಯವನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಿಕೊಳ್ಳಲಿ. ಇದರಿಂದ ಖುಷಿ ಕಡಿಮೆಯಾಗುವುದಿಲ್ಲ. ನೀರು ಅಯಸ್ಕಾಂತದಿಂದ ದೂರ ಸರಿಯುತ್ತದೆಂದು ತಿಳಿದ ಮೇಲೆ ಆ ಕಪ್ಪೆ ನಮಗೆ ಇನ್ನಷ್ಟು ಸೋಜಿಗವಾಗಿಯೇ ಕಂಡಿದೆ.