ಮಾತ್ರೆ ಚೀಟಿಯ ಕೊನೆಯ ‘1’

ಶಿವಮೊಗ್ಗದಲ್ಲಿ ಕ್ಯಾನ್ಸರ್ ಚಿಕಿತ್ಸೆ ಎಷ್ಟೋ ಸುಧಾರಿಸಿದೆ. ಒಂದು ಕಾಲಕ್ಕೆ ಗಂಟು ಕಾಣಿಸಿತು ಎಂದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಮಣಿಪಾಲಕ್ಕೋ ಹೊರಡಬೇಕಿತ್ತು. ಈಗ ಭದ್ರಾವತಿಯವರು ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಕಿಮೋ ಹಾಕಿಸಿಕೊಂಡು ಸಂಜೆಗೆ ಮನೆ ಸೇರಬಹುದು. ಆಯುಷ್ಮಾನ್ ಕಾರ್ಡು ಇದ್ದವರಿಗೆ ಖರ್ಚಿನ ಭಾರವೂ ಸ್ವಲ್ಪ ಇಳಿದಿದೆ. ಇಷ್ಟನ್ನೂ ಒಪ್ಪಿಕೊಂಡೇ ಹೇಳುತ್ತೇನೆ: ರೋಗಿಯ ರಾತ್ರಿಗಳ ಮಟ್ಟಿಗೆ ನಾವು ಹಿಂದೆ ಇದ್ದಲ್ಲೇ ಇದ್ದೇವೆ. ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ, ರಕ್ತದ ಕೌಂಟು ನೋಡುತ್ತಾರೆ, ವಾಂತಿ ಆಯಿತಾ, ಊಟ ಸೇರುತ್ತಾ ಎಂದು ವಿಚಾರಿಸುತ್ತಾರೆ. ನಿದ್ದೆಯ ಮಾತು ರೋಗಿ ತಾನಾಗಿ ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎತ್ತಿದರೂ ಸಿಗುವುದು ‘ಜಾಸ್ತಿ ಯೋಚನೆ ಮಾಡಬೇಡಿ’ ಎಂಬ ಮಾತು, ಇಲ್ಲವೇ ಒಂದು ಸ್ಟ್ರಿಪ್ ಮಾತ್ರೆ. ಮನೆಗೆ ಬಂದರೆ ಮನೆಯವರದು ಇನ್ನೊಂದು ಮದ್ದು: ಹಗಲೆಲ್ಲ ಮಲಗಿರಿ, ರೆಸ್ಟ್ ತಗೊಳ್ಳಿ. ಈ ಮೂರರ ಬಗ್ಗೆಯೂ ನನ್ನ ತಕರಾರಿದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕೇಳಿಕೊಂಡು ಬೆಳೆದವರು ನಾವು. ಹಾಗಾಗಿ ನಿದ್ದೆ ಬಾರದವರನ್ನು ಕಂಡ ಕೂಡಲೇ ತಪ್ಪನ್ನು ಚಿಂತೆಯ ತಲೆಗೆ ಕಟ್ಟಿಬಿಡುತ್ತೇವೆ. ಕ್ಯಾನ್ಸರ್ ಬಂದವರಿಗೆ ಚಿಂತೆ ಇರುವುದಿಲ್ಲ ಎಂದು ಯಾರೂ ಹೇಳಲಾರರು. ಆದರೆ ಕಿಮೋ ಆದ ರಾತ್ರಿ ಮೂರು ಗಂಟೆಗೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಗೋಡೆಗೆ ಒರಗಿ ಕೂತವರಿಗೆ ಎಷ್ಟೋ ಸಲ ನಿದ್ದೆ ಕೆಡಿಸಿದ್ದು ಚಿಂತೆಗಿಂತ ಹೆಚ್ಚಾಗಿ ಡೆಕ್ಸಾಮೆಥಾಸೋನ್.

ಇದು ಸ್ಟೀರಾಯ್ಡ್. ಕಿಮೋ ಔಷಧಿಯಿಂದ ಅಲರ್ಜಿ ಆಗಬಾರದು, ವಾಂತಿ ಆಗಬಾರದು ಎಂದು ಕೊಡುತ್ತಾರೆ, ಕೊಡಲೇಬೇಕಾದದ್ದು. ಸ್ತನ ಕ್ಯಾನ್ಸರಿಗೆ ಹೆಚ್ಚಾಗಿ ಬಳಸುವ ಡೊಸಿಟ್ಯಾಕ್ಸೆಲ್ ಆದರೆ, ಹಿಂದಿನ ದಿನದಿಂದ ಶುರುಮಾಡಿ ಮೂರು ದಿನ, ದಿನಕ್ಕೆ ಎರಡು ಹೊತ್ತು 8 ಮಿ.ಗ್ರಾಂ. ನುಂಗಿಸುವುದು ವಾಡಿಕೆ. ಚೀಟಿಯಲ್ಲಿ 1-0-1 ಎಂದು ಬರುತ್ತದೆ. ಮೆಡಿಕಲ್ ಶಾಪಿನ ಹುಡುಗ ಕವರಿನ ಮೇಲೆ ‘ಬೆಳಿಗ್ಗೆ, ರಾತ್ರಿ, ಊಟ ಆದ ಮೇಲೆ’ ಎಂದು ಗೀಚಿ ಕೊಡುತ್ತಾನೆ. ರೋಗಿ ಒಂಬತ್ತಕ್ಕೆ ಊಟ ಮುಗಿಸಿ, ಹೇಳಿದಂತೆ ಮಾತ್ರೆ ನುಂಗಿ, ದೀಪ ಆರಿಸಿ ಮಲಗುತ್ತಾರೆ. ಅದೋ ಮಿದುಳನ್ನು ಎಚ್ಚರವಾಗಿಡುವ ಔಷಧ; ಮೈಯಲ್ಲಿ ಅದರ ಪ್ರಭಾವ 36ರಿಂದ 54 ಗಂಟೆ ಉಳಿಯುತ್ತದೆ. ಮಲಗುವ ಹೊತ್ತಿಗೆ ಸರಿಯಾಗಿ ಅದನ್ನು ಕೊಟ್ಟು, ಬೆಳಿಗ್ಗೆ ‘ಯಾಕೆ ನಿದ್ದೆ ಮಾಡಲಿಲ್ಲ, ಏನು ಯೋಚನೆ’ ಎಂದು ಕೇಳುತ್ತೇವೆ. ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳು ಈ ಎರಡನೇ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೇ ಮುಗಿಸಿಬಿಡಲು ಹೇಳುತ್ತವೆ. ಔಷಧ ಅದೇ, ಪ್ರಮಾಣ ಅದೇ, ಮೇಲ್ಖರ್ಚು ಒಂದು ಪೈಸೆಯೂ ಇಲ್ಲ. 1-0-1 ಇದ್ದದ್ದು 1-1-0 ಆಗುತ್ತದೆ, ಅಷ್ಟೇ. ಇನ್ನೊಂದು ಕಿಮೋ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್‌ನ ಹಳೆಯ ಕ್ರಮ ಇನ್ನೂ ಕಠಿಣ: ಡ್ರಿಪ್ ಹಾಕುವ 12 ಗಂಟೆ ಮುಂಚೆ ಒಮ್ಮೆ, 6 ಗಂಟೆ ಮುಂಚೆ ಇನ್ನೊಮ್ಮೆ. ಬೆಳಿಗ್ಗೆ ಹತ್ತಕ್ಕೆ ಡ್ರಿಪ್ ಎಂದರೆ ನಸುಕಿನ ನಾಲ್ಕಕ್ಕೆ ಅಲಾರಾಂ ಇಟ್ಟು ಏಳಬೇಕು. ಅರ್ಧ ಗಂಟೆ ಮುಂಚೆ ಸೂಜಿಯಲ್ಲಿ ಒಂದೇ ಸಲ ಕೊಡುವ ಕ್ರಮವೂ ಇದೆ. ಯಾವುದು ಯಾರಿಗೆ ಎಂಬುದು ವೈದ್ಯರ ತೀರ್ಮಾನ. ಓದುಗರು ತಾವಾಗಿ ಹೊತ್ತು ಬದಲಿಸಬಾರದು. ಕೇಳುವುದಕ್ಕಂತೂ ಅಡ್ಡಿಯಿಲ್ಲ.

ನಿದ್ದೆಗೇಡು ಎಷ್ಟು ಜನರಿಗೆ ಎಂಬ ಪ್ರಶ್ನೆಗೆ ಅಮೆರಿಕದ ಆಕ್ಸಾನಾ ಪಾಲೆಶ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಕಿಮೋ ಪಡೆಯುತ್ತಿದ್ದ 823 ಮಂದಿಯಲ್ಲಿ ಶೇ. 43ರಷ್ಟು ಜನರಿಗೆ ಕಾಯಿಲೆ ಎನ್ನುವ ಮಟ್ಟದ ನಿದ್ರಾಹೀನತೆ, ಇನ್ನೂ ಶೇ. 36ರಷ್ಟು ಜನರಿಗೆ ಅದರ ಲಕ್ಷಣಗಳು. ಮೊದಲ ಕಿಮೋದಲ್ಲಿ ಕಾಣಿಸಿದ ತೊಂದರೆ ಶೇ. 60ರಷ್ಟು ಜನರಲ್ಲಿ ಎರಡನೆಯದರಲ್ಲೂ ಹಾಗೇ ಉಳಿದಿತ್ತು. ‘ದಿನ ಕಳೆದ ಹಾಗೆ ತಾನೇ ಸರಿಹೋಗುತ್ತೆ’ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರ ಕಾಣುವುದಿಲ್ಲ.

ಕಾರಣಗಳೂ ಒಂದಲ್ಲ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ನುಂಗುವ ಹೆಂಗಸರಿಗೆ ಮಧ್ಯರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು ಬೆವರಿ ಎಚ್ಚರವಾಗುತ್ತದೆ. ರವಿಕೆ ಒದ್ದೆಯಾಗಿ, ಎದ್ದು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತಾರೆ. ಇದನ್ನು ಗಂಡು ಡಾಕ್ಟರ ಮುಂದೆ, ಪಕ್ಕದಲ್ಲಿ ಮಗನೋ ಮೈದುನನೋ ನಿಂತಿರುವಾಗ ಎಷ್ಟು ಹೆಂಗಸರು ಬಾಯಿ ಬಿಟ್ಟು ಹೇಳುತ್ತಾರೆ? ಹೇಳಿದರೆ ಅದಕ್ಕೆಂದೇ ಬೇರೆ ಔಷಧಿಗಳಿವೆ. ಇನ್ನು ನೋವು. ಮಾರ್ಫಿನ್ ಎಂದರೆ ಚಟ ಹಿಡಿಯುತ್ತದೆ ಎಂದು ಹೆದರಿ ಸಂಜೆಯ ಮಾತ್ರೆಯನ್ನು ತಾವೇ ತಪ್ಪಿಸುವ ಮನೆಯವರಿದ್ದಾರೆ. ಆ ರಾತ್ರಿ ಇಡೀ ಮನೆಗೇ ಜಾಗರಣೆ.

ಅಡಿಕೆ, ತಂಬಾಕು ಜಗಿಯುವ ನಮ್ಮ ಸೀಮೆಯಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ಅಪರೂಪವಲ್ಲ. ಆಪರೇಷನ್, ರೇಡಿಯೇಷನ್ ಆದ ಮೇಲೆ ಕೆಲವರಿಗೆ ಗಂಟಲು ಬಾತು, ಮಲಗಿದಾಗ ಉಸಿರಿನ ದಾರಿ ಕಟ್ಟಿಕೊಂಡು ಪದೇಪದೇ ಎಚ್ಚರವಾಗುತ್ತದೆ. ಇಂಥವರಿಗೆ ನಿದ್ದೆಗೆಂದು ಆಲ್ಪ್ರಜೋಲಾಮ್ ಕೊಟ್ಟರೆ ಗಂಟಲಿನ ಸ್ನಾಯು ಇನ್ನೂ ಸಡಿಲವಾಗಿ ಉಸಿರಾಟ ಮತ್ತಷ್ಟು ಕೆಡುತ್ತದೆ. ಮಾರ್ಫಿನ್ ಜೊತೆ ಸೇರಿದರಂತೂ ಅಪಾಯವೇ. ಆಲ್ಪ್ರಜೋಲಾಮ್, ನಿದ್ದೆಯ ಇನ್ನೊಂದು ಮಾತ್ರೆ ಜೋಲ್ಪಿಡೆಮ್ ಎರಡೂ ಶೆಡ್ಯೂಲ್ ಎಚ್1ರಲ್ಲಿ ಇವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ನಿದ್ದೆ ಮಾತ್ರೆಯೇ ಬೇಡ ಎನ್ನುವವನು ನಾನಲ್ಲ. ಆಪರೇಷನ್ನಿನ ಹಿಂದಿನ ರಾತ್ರಿಗೆ, ಕಿಮೋ ನಂತರದ ಎರಡು ಮೂರು ದಿನಕ್ಕೆ ಅದು ಒದಗಿಬರುತ್ತದೆ. ಎರಡು ರಾತ್ರಿಗೆಂದು ಬರೆದ ಮಾತ್ರೆ ಎರಡು ವರ್ಷ ನಡೆಯುವುದೇ ಕೆಟ್ಟ ಚಿಕಿತ್ಸೆ.

ಮನೆಯವರ ‘ರೆಸ್ಟ್’ ಮದ್ದಿಗೆ ಬರೋಣ. ಬೆಳಿಗ್ಗೆ ತಿಂಡಿ ಆದ ಮೇಲೆ ಮಲಗಿಸುತ್ತಾರೆ, ಊಟ ಆದ ಮೇಲೆ ಮಲಗಿಸುತ್ತಾರೆ, ಸಂಜೆ ನೋಡಲು ಬಂದವರು ಹೋದ ಮೇಲೆ ‘ದಣಿವಾಯ್ತು, ಸ್ವಲ್ಪ ಅಡ್ಡಾಗಿ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಹಗಲಿಡೀ ಹಾಸಿಗೆಯಲ್ಲಿ ಇದ್ದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಭದ್ರಾವತಿಗಾದರೂ ಈ ಪಾಠ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಎಂಪಿಎಂ ಕಾಗದದ ಕಾರ್ಖಾನೆ ಊರನ್ನು ತಲೆಮಾರುಗಟ್ಟಲೆ ಪಾಳಿಗಳ ಮೇಲೆ ನಡೆಸಿದವು. ನೈಟ್ ಶಿಫ್ಟಿನ ವಾರ ಹಗಲು ನಿದ್ದೆ ಮಾಡಿದ ಮೈ ಮುಂದಿನ ವಾರ ರಾತ್ರಿ ನಿದ್ದೆಗೆ ಒಗ್ಗಲು ಎಷ್ಟು ಒದ್ದಾಡುತ್ತದೆ ಎಂಬುದು ಕ್ವಾರ್ಟರ್ಸಿನ ಪ್ರತಿ ಮನೆಗೂ ಗೊತ್ತಿದ್ದ ಸಂಗತಿ. ಅದೇ ಅನುಭವವನ್ನು ಕಾಯಿಲೆ ಬಿದ್ದವರ ವಿಷಯದಲ್ಲಿ ಮರೆತುಬಿಡುತ್ತೇವೆ.

ರೋಗಿಯ ನಿದ್ದೆ ಬಲಿಕೊಡುವುದು ನಮಗೆ ಮೊದಲಿನಿಂದಲೂ ಸಲೀಸು. ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ನಾಟಿ ವೈದ್ಯ ನಾರಾಯಣಮೂರ್ತಿಯವರ ಚಕ್ಕೆ ಔಷಧಿಗಾಗಿ ದೇಶದ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ಗುರುವಾರ, ಭಾನುವಾರದ ಸರದಿಗೆ ಹಿಂದಿನ ರಾತ್ರಿಯೇ ಬಂದು ರಸ್ತೆ ಬದಿ ಕಾಯುತ್ತಿದ್ದರು. ಆ ಔಷಧಿ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಸಿಕ್ಕಿಲ್ಲ ಎಂದು ಟೀಕಿಸಿದ ನಾವು, ಆಧುನಿಕ ಚಿಕಿತ್ಸೆಗೆ ರಾತ್ರಿ ರೈಲು ಹತ್ತಿಸಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸಿ, ಒಪಿಡಿ ಬಾಗಿಲು ತೆರೆಯುವ ತನಕ ಅದೇ ರೋಗಿಯನ್ನು ಕಟ್ಟೆಯ ಮೇಲೆ ಕೂರಿಸುವುದನ್ನು ಟೀಕಿಸಲಿಲ್ಲ. ಒಳರೋಗಿಯಾದರೆ ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟು, ನಸುಕಿಗೇ ಬಿಪಿ ನೋಡಲು ಎಬ್ಬಿಸುವ ಪದ್ಧತಿ, ಮಂಚದ ಕೆಳಗೆ ಚಾಪೆ ಹಾಸಿ ಅರೆಗಣ್ಣಲ್ಲಿ ಮಲಗುವ ಹೆಂಡತಿ. ಅವಳ ನಿದ್ದೆಯಂತೂ ಯಾರ ಲೆಕ್ಕದಲ್ಲೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಉತ್ತರ ಸಿಕ್ಕಿ ಬಹಳ ಕಾಲವಾಯಿತು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಮಾಡಬೇಕಾದದ್ದು ಸಿಬಿಟಿ-ಐ ಎಂಬ ಮಾತಿನ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿತು. ಕ್ಯಾನ್ಸರಿನಿಂದ ಪಾರಾದ 160 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಟು ವಾರಗಳ ಆಕ್ಯುಪಂಕ್ಚರಿಗಿಂತ ಇದೇ ಹೆಚ್ಚು ಫಲ ಕೊಟ್ಟಿತು. ಹೆಸರು ದೊಡ್ಡದು, ಕೆಲಸ ಸರಳ. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ ಎಂದು ದಿನಾ ಬರೆದಿಡುವುದು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡದೆ ಎದ್ದು ಹೊರಗೆ ಕೂತು, ತೂಕಡಿಕೆ ಬಂದ ಮೇಲೆ ಮತ್ತೆ ಹೋಗಿ ಮಲಗುವುದು. ನಿಜವಾಗಿ ಆರು ಗಂಟೆ ನಿದ್ದೆ ಬರುವವರು ಒಂಬತ್ತು ಗಂಟೆ ಹಾಸಿಗೆಯಲ್ಲಿ ಬಿದ್ದಿರದೆ ಆ ಅವಧಿಯನ್ನು ಮೊದಲು ಕುಗ್ಗಿಸಿ, ಆಮೇಲೆ ನಿಧಾನಕ್ಕೆ ಹಿಗ್ಗಿಸುವುದು. ಈ ಕೊನೆಯದನ್ನು ತೀರಾ ನಿತ್ರಾಣ ಇರುವವರಿಗೆ, ಮೂರ್ಛೆರೋಗ ಇರುವವರಿಗೆ ಯಾರಾದರೂ ತಿಳಿದವರ ಉಸ್ತುವಾರಿಯಲ್ಲೇ ಮಾಡಿಸಬೇಕು. ಯೋಗಕ್ಕೂ ಆಧಾರವಿದೆ: ಚಿಕಿತ್ಸೆ ಮುಗಿಸಿದ 410 ಮಂದಿಗೆ ನಾಲ್ಕು ವಾರ, ವಾರಕ್ಕೆರಡು ಸಲ ಹಗುರ ಆಸನ, ಪ್ರಾಣಾಯಾಮ ಮಾಡಿಸಿದ ಪ್ರಯೋಗದಲ್ಲಿ (2013) ನಿದ್ದೆ ಸುಧಾರಿಸಿತು, ನಿದ್ದೆ ಮಾತ್ರೆಯ ಬಳಕೆಯೂ ಇಳಿಯಿತು. ಯೋಗ ಹೇಳಿಕೊಡುವವರಿಗೆ ಶಿವಮೊಗ್ಗದಲ್ಲಿ ಬರವೇ?

ಮಾತಿನ ಚಿಕಿತ್ಸೆಗಂತೂ ಈ ಊರು ಹೊಸದಲ್ಲ. ಮನೋವೈದ್ಯ ಡಾ. ಅಶೋಕ್ ಪೈ ಇಲ್ಲೇ ಇದ್ದುಕೊಂಡು ಮನಸ್ಸಿನ ಕಾಯಿಲೆಗಳನ್ನು ಕನ್ನಡದಲ್ಲಿ ಬರೆದರು, ಸಿನಿಮಾಕ್ಕೂ ತಂದರು. ಅವರು ತೀರಿಕೊಂಡದ್ದು 2016ರಲ್ಲಿ. ಆ ಪರಂಪರೆ ಕ್ಯಾನ್ಸರ್ ಒಪಿಡಿಯ ಬಾಗಿಲು ದಾಟಿ ಒಳಗೆ ಹೋಗಬೇಕು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ತರಬೇತಿ ಪಡೆದ ಒಬ್ಬ ನರ್ಸೋ ಆಪ್ತ ಸಮಾಲೋಚಕರೋ ಸಾಕು. ಸದ್ಯಕ್ಕೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕನ್ನಡದಲ್ಲಿ ಮಾತಾಡಬಹುದು. ಶಿವಮೊಗ್ಗದ ಕ್ಯಾನ್ಸರ್ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಫೈಲಿನಲ್ಲಿ ತೂಕ, ಬಿಪಿ ಬರೆಯುವ ಸಾಲುಗಳ ಕೆಳಗೆ ನಿದ್ದೆಗೂ ಒಂದು ಸಾಲು ಬಿಡಿ, ಪ್ರತಿ ಭೇಟಿಯಲ್ಲೂ ಅದನ್ನು ತುಂಬಿಸಿ.