ಕೊಸೈನ್ ಫೈ ಒಂದೇ ಸಾಕೆ?

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪುಸ್ತಕದಲ್ಲಿ ಪರ್ಯಾಯ ವಿದ್ಯುತ್ತಿನ ಅಧ್ಯಾಯ ಅಚ್ಚುಕಟ್ಟಾಗಿದೆ. ವೋಲ್ಟೇಜ್ ಮತ್ತು ಪ್ರವಾಹಗಳ ನಡುವಣ ಹಂತಕೋನ ಫೈ. ಅದರ ಕೊಸೈನೇ ಪವರ್ ಫ್ಯಾಕ್ಟರ್. ಇದು ಕಡಿಮೆಯಿದ್ದರೆ ತಂತಿಗಳಲ್ಲಿ ನಷ್ಟ ಹೆಚ್ಚು. ತಕ್ಕ ಕೆಪಾಸಿಟರ್ ಜೋಡಿಸಿ ಸರಿಪಡಿಸಬಹುದು. ಸೈನ್ ತರಂಗಕ್ಕೆ ಇದೆಲ್ಲ ಸರಿಯೆ. ಪ್ರವಾಹ ಸೈನ್ ಆಕಾರದಲ್ಲಿ ಇಲ್ಲದಿದ್ದರೆ ಏನಾಗುತ್ತದೆ? ಅಧ್ಯಾಯ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಕೊರತೆ ಇರುವುದು ಇಲ್ಲಿ.

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರನ್ನೇ ತೆಗೆದುಕೊಳ್ಳಿ. ತೆಂಗಿನ ತೋಟದ ಪಂಪ್‌ಸೆಟ್ಟಿನಲ್ಲಿರುವುದು ಇಂಡಕ್ಷನ್ ಮೋಟಾರು. ಅಲ್ಲಿ ಪ್ರವಾಹ ವೋಲ್ಟೇಜಿಗಿಂತ ಹಿಂದುಳಿಯುತ್ತದೆ. ಪುಸ್ತಕ ಹೇಳುವ ಕೆಪಾಸಿಟರ್ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ ಊರಿನ ಮನೆಗಳಲ್ಲಿ ಎಲ್‌ಇಡಿ ಬಲ್ಬು, ಟಿವಿ, ಮೊಬೈಲ್ ಚಾರ್ಜರ್‌ಗಳಿವೆ. ಇವುಗಳೊಳಗಿನ ರೆಕ್ಟಿಫೈಯರ್, ವೋಲ್ಟೇಜ್ ಶಿಖರದ ಬಳಿ ಇರುವಾಗ ಮಾತ್ರ ಪ್ರವಾಹವನ್ನು ತುಣುಕಾಗಿ ಸೆಳೆಯುತ್ತದೆ. ಆ ತುಣುಕುಗಳಲ್ಲಿ 50 ಹರ್ಟ್ಸ್ ಅಲ್ಲದೆ 150, 250, 350 ಹರ್ಟ್ಸ್‌ನ ಹಾರ್ಮಾನಿಕ್‌ಗಳೂ ಇರುತ್ತವೆ.

230 ವೋಲ್ಟಿನಲ್ಲಿ 10 ವ್ಯಾಟಿನ ಬಲ್ಬಿಗೆ ಬೇಕಾದ ಮೂಲ ಪ್ರವಾಹ ಸುಮಾರು 43 ಮಿಲಿಆಂಪಿಯರ್. ಅದು ವೋಲ್ಟೇಜಿನೊಡನೆ ಒಂದೇ ಹಂತದಲ್ಲಿದ್ದರೆ ಕೊಸೈನ್ ಫೈ 1. ಒಟ್ಟು ಹಾರ್ಮಾನಿಕ್ ವಿರೂಪ ಶೇಕಡಾ 100 ಆಗಿದ್ದರೆ ತಂತಿಯಲ್ಲಿ ಹರಿಯುವುದು 61 ಮಿಲಿಆಂಪಿಯರ್. ನಿಜವಾದ ಪವರ್ ಫ್ಯಾಕ್ಟರ್ 0.71 ಮಾತ್ರ! ಇಲ್ಲಿ ಕೆಪಾಸಿಟರ್ ಹಾಕಿ ಪ್ರಯೋಜನವಿಲ್ಲ. ಟ್ರಾನ್ಸ್‌ಫಾರ್ಮರಿನ ಪ್ರೇರಕತ್ವದೊಡನೆ ಅನುರಣನ ಉಂಟಾದರೆ ಹಾರ್ಮಾನಿಕ್‌ಗಳು ಇನ್ನಷ್ಟು ಬಲಗೊಳ್ಳಬಹುದು. ಮೂರು ಫೇಸ್‌ಗಳ 150 ಹರ್ಟ್ಸ್ ಪ್ರವಾಹಗಳು ನ್ಯೂಟ್ರಲ್ ತಂತಿಯಲ್ಲಿ ಒಂದನ್ನೊಂದು ರದ್ದುಗೊಳಿಸದೆ ಕೂಡಿಕೊಳ್ಳುತ್ತವೆ, ತಂತಿ ಕಾಯುತ್ತದೆ.

ಪ್ರಯೋಗಾಲಯದ ಮೀಟರ್ ಕೂಡ ದಾರಿ ತಪ್ಪಿಸಬಲ್ಲದು. ಅಗ್ಗದ ಮಲ್ಟಿಮೀಟರ್ ಸರಾಸರಿಯನ್ನು ಅಳೆದು 1.11ರಿಂದ ಗುಣಿಸಿ ತೋರಿಸುತ್ತದೆ. ಇದು ಸೈನ್ ತರಂಗಕ್ಕೆ ಮಾತ್ರ ಸರಿ. ಪ್ರತಿ ಅರ್ಧ ಆವರ್ತದ ಕಾಲುಭಾಗದಲ್ಲಷ್ಟೆ ಹರಿಯುವ ಆಯತಾಕಾರದ ಪ್ರವಾಹವನ್ನು ಅದು ಶೇಕಡಾ 44ರಷ್ಟು ಕಡಿಮೆ ತೋರಿಸುತ್ತದೆ.

ಅಧ್ಯಾಯಕ್ಕೆ ಒಂದು ಪುಟ ಸೇರಿಸಿದರೆ ಸಾಕು. ವ್ಯಾಟ್‌ಗಳನ್ನು ವೋಲ್ಟ್-ಆಂಪಿಯರ್‌ಗಳಿಂದ ಭಾಗಿಸಿದರೆ ಬರುವುದೇ ಪವರ್ ಫ್ಯಾಕ್ಟರ್. ಕೊಸೈನ್ ಫೈ ಅದರ ಒಂದು ವಿಶೇಷ ಸಂದರ್ಭ. ಅಲ್ಲಿಯವರೆಗೆ ಅಧ್ಯಾಪಕರು ವ್ಯಾಟ್‌ಮೀಟರ್ ಮತ್ತು ಟ್ರೂ ಆರ್‌ಎಂಎಸ್ ಮೀಟರುಗಳಿಂದ ಒಂದು ಫ್ಯಾನನ್ನೂ ಒಂದು ಎಲ್‌ಇಡಿ ಬಲ್ಬನ್ನೂ ಅಳೆಸಿ, ಎರಡರ ವ್ಯತ್ಯಾಸಕ್ಕೆ ಕಾರಣವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಲಿ.