ಗುಡ್ಡೆ ಹತ್ತಿದ ತುಂಡು

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ಎಕ್ಸ್‌ರೇ ಲಕೋಟೆ ಮಡಿಲಲ್ಲಿಟ್ಟು ಕೂತವರು ಒಬ್ಬರಾದರೂ ಇದ್ದೇ ಇರುತ್ತಾರೆ. ಬಯಾಪ್ಸಿಗೆ ನಮ್ಮೂರಿನ ಹೆಸರು ‘ತುಂಡು ತೆಗೆದು ಕಳಿಸುವುದು’. ಬಾಯಿಯ ಹುಣ್ಣಿನಿಂದಲೋ ಎದೆಯ ಗಂಟಿನಿಂದಲೋ ತೆಗೆದ ಆ ಚೂರು ಫಾರ್ಮಲಿನ್‌ನಲ್ಲಿ ಬಿಗಿದುಕೊಂಡು, ಮೇಣದಲ್ಲಿ ಹುದುಗಿ, ಮೈಕ್ರೋಟೋಮಿನ ಅಲಗಿನಡಿ ನಾಲ್ಕೈದು ಮೈಕ್ರಾನಿನ ಪದರವಾಗುತ್ತದೆ. ಎರಡು ಬಣ್ಣ ಹಚ್ಚಿದರೆ ಜೀವಕೋಶದ ನಡುವಿನ ಬೀಜ ನೀಲಿ, ಸುತ್ತಲಿನದು ಗುಲಾಬಿ. ಅದನ್ನು ನೋಡಿ ಪೆಥಾಲಜಿ ವೈದ್ಯರು ಬರೆದುಕೊಡುವ ನಾಲ್ಕು ಸಾಲಿನ ಮೇಲೆ ಒಂದು ಮನೆಯ ಮುಂದಿನ ವರ್ಷಗಳು ನಿಂತಿರುತ್ತವೆ. ಮಣಿಪಾಲದ ಪೆಥಾಲಜಿಯನ್ನು, ಅದರ ಬೆನ್ನಿಗೆ ಬೆಳೆದ ಸಂಶೋಧನೆಯನ್ನು ತೂಗಿ ನೋಡಬೇಕಾದರೆ ಈ ತುಂಡಿನ ದಾರಿಯನ್ನೇ ಹಿಡಿಯಬೇಕು. ಹೋದದ್ದು ಗೊತ್ತು. ತಿರುಗಿ ಬಂದದ್ದೇನು?

ಡಾ. ಟಿ.ಎಂ.ಎ. ಪೈ 1953ರಲ್ಲಿ ಮುರಕಲ್ಲಿನ ಬೋಳು ಗುಡ್ಡೆಯ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜು ಶುರು ಮಾಡಿದಾಗ ಅಲ್ಲಿ ಹೇಳಿಕೊಳ್ಳುವಂಥ ಆಸ್ಪತ್ರೆ ಇರಲಿಲ್ಲ. ಮೊದಲ ಪಾಠ ಮಣಿಪಾಲದಲ್ಲಿ. ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿಯಲು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೇ ಹೋಗಬೇಕಿತ್ತು. ಸರಕಾರದ ಬೊಕ್ಕಸ ನಂಬದೆ, ವಿದ್ಯಾರ್ಥಿಗಳು ಕೊಟ್ಟ ಹಣದಿಂದ ನಡೆದ ಕಾಲೇಜು ಅದು. ಈ ಹುಟ್ಟಿನ ಗುಣ ಅದರ ಬಲವೂ ಹೌದು, ಮಿತಿಯೂ ಹೌದು. ಹಣ ಕೊಟ್ಟು ಬಂದವನಿಗೆ ಮೊದಲು ಪಾಠ ಸಿಗಬೇಕು. ಪ್ರಶ್ನೆ ಹುಡುಕುವ ಕೆಲಸಕ್ಕೆ ಪುರುಸೊತ್ತು ಸಿಗುವುದು ಆಮೇಲೆ. 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಬಳಿಕ ಸಂಶೋಧನೆಯ ಮಾತು ಜೋರಾಯಿತು. ಬುಡ ಮಾತ್ರ ಪಾಠದ್ದೇ.

ಆ ಪಾಠ ಎಷ್ಟು ಗಟ್ಟಿ ಎಂದು ತಿಳಿಯಲು ಅಲ್ಲಿನ ಅಂಗರಚನೆ ಮತ್ತು ಪೆಥಾಲಜಿ ಮ್ಯೂಸಿಯಂ ಹೊಕ್ಕರೆ ಸಾಕು. ನಮ್ಮ ಕಡೆಯ ಶಾಲಾ ಮಕ್ಕಳ ಪ್ರವಾಸದಲ್ಲಿ ಆನೆಯ ಎಲುಬು, ಕಾಳಿಂಗದ ಅಸ್ಥಿಪಂಜರದ ಮುಂದೆ ಗಲಾಟೆಯೋ ಗಲಾಟೆ; ಜಾಡಿಗಳ ಸಾಲಿಗೆ ಬಂದೊಡನೆ ದನಿ ತಗ್ಗುತ್ತದೆ. ಸಿಗರೇಟಿನ ಹೊಗೆಗೆ ಕಪ್ಪಾದ ಶ್ವಾಸಕೋಶದ ಮುಂದೆ ನಿಂತ ಹುಡುಗ ತನ್ನ ಅಪ್ಪನನ್ನು ನೆನೆಯದೆ ಇರುತ್ತಾನೆಯೇ? ಸಾವಿರಾರು ಮಾದರಿಗಳಿರುವ ಈ ಕೋಣೆಗಳನ್ನು ಜನಸಾಮಾನ್ಯರಿಗೆ ತೆರೆದಿಟ್ಟದ್ದು ದೊಡ್ಡ ಕೆಲಸ. ಆದರೆ ಜಾಡಿ ಎಂಬ ಮಾಧ್ಯಮಕ್ಕೇ ಒಂದು ಕೊರತೆಯಿದೆ. ಫಾರ್ಮಲಿನ್ ಮೊದಲು ಮಾಂಸದ ಬಣ್ಣ ತೆಗೆಯುತ್ತದೆ, ಆಮೇಲೆ ಮನುಷ್ಯನನ್ನು. ಗಡ್ಡೆ ಕಾಣುತ್ತದೆ, ಮೂವತ್ತು ವರ್ಷ ಹೊಗೆಸೊಪ್ಪು ಸೇರಿಸಿ ಹಾಕಿದ ಕವಳ ಕಾಣುವುದಿಲ್ಲ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ್ದನ್ನು ಅಡಿಕೆ ಬೆಳೆಯುವ ಸೀಮೆಗೆ ಯಾವ ಜಾಡಿ ಹೇಳೀತು?

ಜಾಡಿ ಹೇಳದ್ದನ್ನು ಸಂಶೋಧನೆ ಹೇಳಬೇಕು. ಆ ಬಗ್ಗೆ ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಒಂದು ಪಾಠ ಕಲಿಸಿದೆ. ಉಕ್ಕಿನ ಕಾರ್ಖಾನೆಗಳ ಆ ಊರಲ್ಲಿ ಸೆಸಿಲ್ ಪೇನ್ ಎಂಬ ವೈದ್ಯ 1930ರಲ್ಲಿ ಬೂಷ್ಟಿನ ರಸದಿಂದ, ಅಂದರೆ ಹಸಿ ಪೆನ್ಸಿಲಿನ್‌ನಿಂದ, ಶಿಶುವಿನ ಕಣ್ಣಿನ ಸೋಂಕು ವಾಸಿಮಾಡಿದ, ಪ್ರಕಟಿಸಲಿಲ್ಲ. ಹೊವಾರ್ಡ್ ಫ್ಲೋರಿ 1932ರಲ್ಲಿ ಅಲ್ಲಿಗೇ ಪೆಥಾಲಜಿ ಪ್ರಾಧ್ಯಾಪಕನಾಗಿ ಬಂದ, ವಿಷಯ ಕಿವಿಗೂ ಬಿತ್ತು. ಮುಂದೆ ಪೆನ್ಸಿಲಿನ್ ಮದ್ದಾದದ್ದು ಅವನು ಆಕ್ಸ್‌ಫರ್ಡಿಗೆ ಹೋದ ಮೇಲೆ. ಕಂಡದ್ದು ಶೆಫೀಲ್ಡ್, ಹೆಸರು ಆಕ್ಸ್‌ಫರ್ಡಿಗೆ. ಬರೆದಿಡದ ಊರಿನ ಪಾಡು ಅದು.

ನಮ್ಮ ಘಟ್ಟದ ಕತೆಯೂ ಬೇರೆಯಲ್ಲ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಮಂಗನಕಾಯಿಲೆಯ ವೈರಾಣು ಗುರುತಿಸಿದ್ದು ಪುಣೆಯ ವೈರಾಣು ಸಂಶೋಧನಾ ಕೇಂದ್ರ. ಆರು ದಶಕದ ಬಳಿಕ, 2019ರಲ್ಲಿ, ಸಾಗರದ ಅರಳಗೋಡಿನಲ್ಲಿ ಮಂಗನಕಾಯಿಲೆ ಎದ್ದಾಗ ರೋಗಿಗಳು ಘಟ್ಟ ಇಳಿದು ಬಂದದ್ದು ಮಣಿಪಾಲಕ್ಕೆ. ಅದರ ಹಿಂದಿನ ವರ್ಷ, ಮೇ 2018ರಲ್ಲಿ, ಕೇರಳದ ಕೋಝಿಕ್ಕೋಡಿನ ಮಾದರಿಗಳಲ್ಲಿ ನಿಫಾ ವೈರಾಣು ಇರುವುದನ್ನು ಹಿಡಿದದ್ದು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಪುಣೆ ಅದನ್ನು ದೃಢಪಡಿಸಿತು. ಪಾಠದ ಕಾಲೇಜು ಪ್ರಶ್ನೆ ಕೇಳುವುದನ್ನೂ ಕಲಿತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೂ ನನ್ನ ತಕರಾರು ಉಳಿಯುತ್ತದೆ. ಆಸ್ಪತ್ರೆಗೆ ಬಂದವರನ್ನು ಎಣಿಸುವುದು ಒಂದು, ಊರನ್ನು ಎಣಿಸುವುದು ಇನ್ನೊಂದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಆ ನಗರದ ಕ್ಯಾನ್ಸರಿನ ಲೆಕ್ಕ ಇಡುತ್ತ ಬಂದಿದೆ. ಬಸ್ಸು ಹತ್ತದೆ ಮನೆಯಲ್ಲೇ ಸತ್ತವಳು ಸೇರುವುದು ಅಂಥ ಲೆಕ್ಕಕ್ಕೆ ಮಾತ್ರ. ದೋಣಿಯವರು, ಹೆಂಚಿನ ಕಾರ್ಖಾನೆಯ ಧೂಳು ಕುಡಿದವರು, ತರಗೆಲೆ ಗುಡಿಸಲು ಕಾಡಿಗೆ ಹೋಗಿ ಮಂಗನಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಂಡವರು: ಇವರ ರೋಗದ ಲೆಕ್ಕ ತಾಲೂಕುವಾರು ಮೂಡಿ, ಪಂಚಾಯತಿಯ ಮೇಜಿಗೆ ಬಂದರೆ ಆಗ ಸಂಶೋಧನೆ ಗುಡ್ಡೆ ಇಳಿಯಿತು ಎನ್ನಬಹುದು.

ಇಳಿಯಬೇಕಾದದ್ದು ಕನ್ನಡದಲ್ಲಿ. ಮಣಿಪಾಲದ ಆ ಬಸ್ಸು ಹಾದುಬರುವ ಹೆದ್ದಾರಿಯ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದು, ಈ ಭಾಷೆಯಲ್ಲಿ ವಿಜ್ಞಾನ ಹೇಳಲು ಬರುತ್ತದೆಂದು ಆಗಲೇ ತೋರಿಸಿದ್ದಾರೆ. ಬಯಾಪ್ಸಿ ವರದಿ ಇವತ್ತಿಗೂ ಇಂಗ್ಲಿಷಿನದು. ಅದನ್ನು ಹಿಡಿದು ಬಸ್‌ಸ್ಟ್ಯಾಂಡಿನ ಮದ್ದಿನಂಗಡಿಗೆ ಬರುವ ಹೆಂಗಸು ಚೀಟಿ ಚಾಚುತ್ತಾಳೆ: “ಇದ್ರಗೆ ಎಂತ ಬರ್ದಿರ್ ಮಾರಾಯ್ರೆ?” ಅಂಗಡಿಯ ಹುಡುಗ ಓದುತ್ತಾನೆ, ಅರ್ಥವಾದರೂ ಹೇಳಲಾರದೆ, “ಡಾಕ್ಟ್ರತ್ರ ಕೇಣಿ” ಅನ್ನುತ್ತಾನೆ. ತುಂಡು ಕೊಟ್ಟವಳಿಗೆ ಅದರ ಉತ್ತರ ಇನ್ನೂ ತಲುಪಿಲ್ಲ.